ಮನೆ ವೈಫೈನಲ್ಲಿ ಹಾಡಿನ ಫೋಲ್ಡರ್ ಕಾಣ್ತಿಲ್ವಾ? ಫಾರ್ಮ್ಯಾಟ್ ಮಾಡಿಸೋ ಮುಂಚೆ ಇಷ್ಟು ನೋಡಿ

ಕೆಳಗೆ ಅಂಗಡಿ, ಮೇಲೆ ಮನೆ. ಅಂಗಡಿ ಕಂಪ್ಯೂಟರ್‌ನಲ್ಲಿ ಬಿಲ್ಲಿಂಗ್ ಜೊತೆಗೆ ವರ್ಷಾನುಗಟ್ಟಲೆ ಕೂಡಿಸಿಟ್ಟ ಹಾಡುಗಳು. ಕ್ಯಾಸೆಟ್‌ನಿಂದ ಎಂಪಿ3 ಮಾಡಿಸಿದ ಭಾವಗೀತೆ, ಭಜನೆ, ಹಳೇ ಸಿನಿಮಾ ಹಾಡು ಎಲ್ಲವೂ ಅಲ್ಲೇ. ನಿನ್ನೆವರೆಗೆ ಮಹಡಿ ಮೇಲಿನ ಲ್ಯಾಪ್‌ಟಾಪ್‌ನಲ್ಲೂ ಕೇಳಿಸ್ತಿತ್ತು. ರಾತ್ರಿ ಕರೆಂಟ್ ಹೋಗಿ ಬಂತು, ಬೆಳಗ್ಗೆ ನೋಡಿದ್ರೆ ಫೋಲ್ಡರೇ ಇಲ್ಲ.

ಇಂಥ ಹೊತ್ತಲ್ಲಿ ಸಾಮಾನ್ಯವಾಗಿ ಸಿಗೋ ಸಲಹೆ ಎರಡು. ಒಂದು, ಫಾರ್ಮ್ಯಾಟ್ ಮಾಡಿಸಿ. ಇನ್ನೊಂದು, ಫೈರ್‌ವಾಲ್ ಆಫ್ ಮಾಡಿ ಇಡೀ ಡ್ರೈವ್ ಶೇರ್ ಮಾಡಿ. ಮೊದಲನೇದರಲ್ಲಿ ಹಾಡು ಹೋಗೋ ಭಯ, ಎರಡನೇದರಲ್ಲಿ ಅಂಗಡಿ ಲೆಕ್ಕ ಹೋಗೋ ಭಯ. ಎರಡೂ ಬೇಡ. ಬಹಳ ಸಲ ಹಾಡು ಇದ್ದಲ್ಲೇ ಇರುತ್ತೆ, ದಾರಿ ಮಾತ್ರ ಕಟ್ಟಿರುತ್ತೆ. ಆ ದಾರಿ ಎಲ್ಲಿ ಕಟ್ಟಿದೆ ಅಂತ ಒಂದೊಂದಾಗಿ ನೋಡ್ಕೊಂಡು ಹೋಗೋದು ಹೇಗೆ ಅನ್ನೋ ವಿವರ ಇಲ್ಲಿದೆ. ವಿಂಡೋಸ್ 10 ಮತ್ತು 11ಕ್ಕೆ ಇದು ಅನ್ವಯಿಸುತ್ತೆ.

ಒಂದು ವಿಷಯ ಮೊದಲೇ ತಿಳಿದಿರಲಿ. ಮನೆಯೊಳಗೆ ಹಾಡು ಹಂಚಿಕೊಳ್ಳೋಕೆ ಇಂಟರ್ನೆಟ್ ಬೇಕಿಲ್ಲ. ರೂಟರ್ ಆನ್ ಇದ್ರೆ ಸಾಕು. ರೀಚಾರ್ಜ್ ಮುಗಿದ್ರೂ ಹಾಡು ಬರುತ್ತೆ, ಡೇಟಾನೂ ಖರ್ಚಾಗಲ್ಲ.

1. ಹಾಡು ಇರೋ ಕಂಪ್ಯೂಟರ್ ಎಚ್ಚರ ಇದೆಯಾ?

ಮೊದಲು ಹಾಡು ಇರೋ ಕಂಪ್ಯೂಟರ್ ಮುಂದೆ ಕೂತು ಅಲ್ಲೇ ಒಂದು ಹಾಡು ಹಾಕಿ ನೋಡಿ. ಅಲ್ಲಿ ಬಂದ್ರೆ ಹಾಡು ಸುರಕ್ಷಿತ, ತೊಂದರೆ ನೆಟ್‌ವರ್ಕ್‌ನದ್ದು ಅಂತ ಅರ್ಥ.

ಕಂಪ್ಯೂಟರ್ ಸ್ಲೀಪ್‌ಗೆ ಹೋದ್ರೆ ಶೇರಿಂಗ್ ಕೂಡ ನಿಲ್ಲುತ್ತೆ. ಸೆಟ್ಟಿಂಗ್ಸ್‌ನ ಸಿಸ್ಟಮ್ ಭಾಗದಲ್ಲಿ ಪವರ್ ಆಯ್ಕೆಗೆ ಹೋಗಿ, ಚಾರ್ಜರ್ ಹಾಕಿದ್ದಾಗ ಸ್ಲೀಪ್ ಆಗದಂತೆ 'ನೆವರ್' ಇಡಿ. ಪರದೆ ಆಫ್ ಆದ್ರೆ ತೊಂದರೆ ಇಲ್ಲ.

ಹಾಡು ಯುಎಸ್‌ಬಿ ಹಾರ್ಡ್ ಡಿಸ್ಕ್‌ನಲ್ಲಿದ್ರೆ ಡ್ರೈವ್ ಅಕ್ಷರ ನೋಡಿ. ನಿನ್ನೆ 'ಇ' ಇದ್ದ ಡ್ರೈವ್ ಬೇರೆ ಪೆನ್‌ಡ್ರೈವ್ ಹಾಕಿದ ಮೇಲೆ 'ಎಫ್' ಆಗಿರಬಹುದು. ಆಗ ಹಳೇ ಶೇರ್ ಕೆಲಸ ಮಾಡಲ್ಲ. ಡಿಸ್ಕ್ ಮ್ಯಾನೇಜ್‌ಮೆಂಟ್‌ನಲ್ಲಿ ಹಳೇ ಅಕ್ಷರವನ್ನೇ ವಾಪಸ್ ಕೊಡಿ. ಅಲ್ಲೇ ಫಾರ್ಮ್ಯಾಟ್ ಅನ್ನೋ ಆಯ್ಕೆನೂ ಇರುತ್ತೆ, ಅದನ್ನ ಮಾತ್ರ ಒತ್ತಬೇಡಿ.

2. ಎರಡೂ ಒಂದೇ ನೆಟ್‌ವರ್ಕ್‌ನಲ್ಲಿವೆಯಾ?

ಎರಡೂ ಕಂಪ್ಯೂಟರ್‌ನ ಸೆಟ್ಟಿಂಗ್ಸ್‌ನಲ್ಲಿ ವೈಫೈ ವಿವರ ತೆಗೆದು 'ಐಪಿವಿ4 ಅಡ್ರೆಸ್' ನೋಡಿ ಬರ್ಕೊಳ್ಳಿ. ಒಂದರಲ್ಲಿ 192.168.1.5, ಇನ್ನೊಂದರಲ್ಲಿ 192.168.1.8 ಅಂತಿದ್ರೆ ಸರಿ. ಒಂದರಲ್ಲಿ 192.168.1 ಅಂತಲೂ ಇನ್ನೊಂದರಲ್ಲಿ 192.168.0 ಅಂತಲೂ ಶುರುವಾದ್ರೆ ಎರಡೂ ಬೇರೆ ಬೇರೆ ನೆಟ್‌ವರ್ಕ್‌ನಲ್ಲಿವೆ.

ಫೈಬರ್ ಕಂಪನಿ ಕೊಟ್ಟ ರೂಟರ್ ಕೆಳಗೆ, ಸಿಗ್ನಲ್ ಸಾಲ್ತಿಲ್ಲ ಅಂತ ತಂದ ಇನ್ನೊಂದು ರೂಟರ್ ಮೇಲೆ ಇರೋ ಮನೆಗಳಲ್ಲಿ ಹೀಗಾಗುತ್ತೆ. ನೆಟ್ ಎರಡೂ ಕಡೆ ಬರುತ್ತೆ, ಆದ್ರೆ ಕಂಪ್ಯೂಟರ್‌ಗಳು ಒಂದನ್ನೊಂದು ನೋಡಲ್ಲ. ಎರಡನೇ ರೂಟರ್‌ನ ಸೆಟ್ಟಿಂಗ್‌ನಲ್ಲಿ 'ಆಕ್ಸೆಸ್ ಪಾಯಿಂಟ್ ಮೋಡ್' ಇದ್ರೆ ಅದನ್ನ ಹಾಕಿ. ಆಗ ಎರಡೂ ಸೇರಿ ಒಂದೇ ನೆಟ್‌ವರ್ಕ್ ಆಗುತ್ತೆ.

ಒಂದು ಕಂಪ್ಯೂಟರ್ 'ಗೆಸ್ಟ್' ವೈಫೈಗೆ ಸೇರಿದ್ರೂ ಕಾಣಲ್ಲ. ಗೆಸ್ಟ್ ವೈಫೈ ಇರೋದೇ ಹೊರಗಿನವರು ಮನೆ ಕಂಪ್ಯೂಟರ್ ನೋಡದೆ ಇರಲಿ ಅಂತ. ರೂಟರ್‌ನಲ್ಲಿ 'ಎಪಿ ಐಸೋಲೇಶನ್' ಆನ್ ಇದ್ರೂ ಇದೇ ಕಥೆ. ಒಂದೇ ರೂಟರ್‌ನ 2.4 ಗಿಗಾಹರ್ಟ್ಸ್ ಮತ್ತು 5 ಗಿಗಾಹರ್ಟ್ಸ್ ಹೆಸರು ಬೇರೆ ಇದ್ರೆ ಮಾತ್ರ ಗಾಬರಿ ಬೇಡ, ಸಾಮಾನ್ಯವಾಗಿ ಅವೆರಡೂ ಒಂದೇ ನೆಟ್‌ವರ್ಕ್.

3. ಪಬ್ಲಿಕ್ ಇದೆಯೋ, ಪ್ರೈವೇಟ್ ಇದೆಯೋ?

ಹೊಸ ರೂಟರ್ ಹಾಕಿದ್ರೆ ಅಥವಾ ವೈಫೈ ಹೆಸರು ಬದಲಿಸಿದ್ರೆ ವಿಂಡೋಸ್ ಅದನ್ನ ಹೊಸ ಜಾಗ ಅಂತ ತಿಳಿದು 'ಪಬ್ಲಿಕ್' ಅಂತ ಗುರುತು ಹಾಕಬಹುದು. ಪಬ್ಲಿಕ್ ಅಂದ್ರೆ ಬಸ್ ಸ್ಟ್ಯಾಂಡ್ ವೈಫೈ ಇದ್ದಂಗೆ. ಅಲ್ಲಿ ಕಂಪ್ಯೂಟರ್ ತನ್ನನ್ನ ಯಾರಿಗೂ ತೋರಿಸಲ್ಲ.

ಸೆಟ್ಟಿಂಗ್ಸ್‌ನಲ್ಲಿ ವೈಫೈ ಪ್ರಾಪರ್ಟೀಸ್‌ಗೆ ಹೋಗಿ ಎರಡೂ ಕಂಪ್ಯೂಟರ್‌ನಲ್ಲಿ 'ಪ್ರೈವೇಟ್ ನೆಟ್‌ವರ್ಕ್' ಮಾಡಿ. ಆಮೇಲೆ 'ಅಡ್ವಾನ್ಸ್ಡ್ ಶೇರಿಂಗ್ ಸೆಟ್ಟಿಂಗ್ಸ್' ತೆಗೆದು, ಪ್ರೈವೇಟ್ ಭಾಗದಲ್ಲಿ 'ನೆಟ್‌ವರ್ಕ್ ಡಿಸ್ಕವರಿ' ಮತ್ತು 'ಫೈಲ್ ಅಂಡ್ ಪ್ರಿಂಟರ್ ಶೇರಿಂಗ್' ಎರಡನ್ನೂ ಆನ್ ಮಾಡಿ. ಇಷ್ಟು ಮಾಡಿದ್ರೆ ವಿಂಡೋಸ್ ಫೈರ್‌ವಾಲ್ ತಾನೇ ದಾರಿ ಬಿಡುತ್ತೆ, ಅದನ್ನ ಆಫ್ ಮಾಡೋ ಅಗತ್ಯ ಇಲ್ಲ. ಬೇರೆ ಆಂಟಿವೈರಸ್ ಹಾಕಿಸಿದ್ರೆ ಅದರ ಫೈರ್‌ವಾಲ್‌ನಲ್ಲೂ ಮನೆ ನೆಟ್‌ವರ್ಕ್ ನಂಬಿಕೆಯದ್ದು ಅಂತ ಗುರುತಿಸಬೇಕು.

ವಿಂಡೋಸ್ 7 ಕಾಲದ 'ಹೋಮ್‌ಗ್ರೂಪ್' ಹುಡುಕಬೇಡಿ. ಅದನ್ನ 2018ರಲ್ಲೇ ವಿಂಡೋಸ್ 10ರಿಂದ ತೆಗೆದಿದ್ದಾರೆ.

4. ಪಾಸ್‌ವರ್ಡ್ ಕೇಳ್ತಿದೆಯಾ?

ಕಂಪ್ಯೂಟರ್ ಕಾಣುತ್ತೆ, ಆದ್ರೆ ಒಳಗೆ ಬಿಡಲ್ಲ ಅನ್ನೋರು ಇಲ್ಲಿ ಗಮನಿಸಿ. ಅಲ್ಲಿ ಕೇಳೋದು ವೈಫೈ ಪಾಸ್‌ವರ್ಡ್ ಅಲ್ಲ, ಹಾಡು ಇರೋ ಕಂಪ್ಯೂಟರ್‌ನ ಯೂಸರ್ ಹೆಸರು ಮತ್ತು ಅದರ ಪಾಸ್‌ವರ್ಡ್. ದಿನಾ ಒತ್ತೋ ನಾಲ್ಕಂಕಿ ಪಿನ್ ಇಲ್ಲಿ ನಡೆಯಲ್ಲ, ಯಾಕಂದ್ರೆ ಪಿನ್ ಆ ಒಂದು ಕಂಪ್ಯೂಟರ್‌ಗಷ್ಟೇ ಸೀಮಿತ. ಪಾಸ್‌ವರ್ಡೇ ಇಲ್ಲದ ಅಕೌಂಟ್‌ನಿಂದಲೂ ನೆಟ್‌ವರ್ಕ್ ಮೂಲಕ ಒಳಗೆ ಹೋಗೋಕೆ ವಿಂಡೋಸ್ ಬಿಡಲ್ಲ.

ಸುಲಭದ ದಾರಿ ಹೀಗಿದೆ. ಅಂಗಡಿ ಕಂಪ್ಯೂಟರ್‌ನಲ್ಲಿ ಹಾಡಿಗೇ ಅಂತ ಒಂದು ಬೇರೆ ಯೂಸರ್ ಅಕೌಂಟ್ ಮಾಡಿ, ಅದಕ್ಕೆ ಪಾಸ್‌ವರ್ಡ್ ಕೊಡಿ. ಹಾಡಿನ ಫೋಲ್ಡರ್ ಮೇಲೆ ರೈಟ್ ಕ್ಲಿಕ್ ಮಾಡಿ ಪ್ರಾಪರ್ಟೀಸ್, ಅದರಲ್ಲಿ ಶೇರಿಂಗ್ ತೆಗೆದು ಆ ಯೂಸರ್‌ಗೆ 'ರೀಡ್' ಅನುಮತಿ ಮಾತ್ರ ಕೊಡಿ. ಮೇಲಿನ ಲ್ಯಾಪ್‌ಟಾಪ್‌ನಲ್ಲಿ ಒಂದ್ಸಲ ಈ ಹೆಸರು, ಪಾಸ್‌ವರ್ಡ್ ಹಾಕಿ ನೆನಪಿಟ್ಟುಕೊಳ್ಳೋಕೆ ಹೇಳಿದ್ರೆ ಆಯ್ತು. ಮಕ್ಕಳು ಹಾಡು ಕೇಳಬಹುದು, ಅಳಿಸೋಕೆ ಆಗಲ್ಲ.

5. ಕರೆಂಟ್ ಹೋಗಿ ಬಂದ ಮೇಲೆ ಕಾಣ್ತಿಲ್ವಾ?

ರೂಟರ್ ಆಫ್ ಆಗಿ ಆನ್ ಆದಾಗ ಕಂಪ್ಯೂಟರ್‌ಗೆ ಹೊಸ ಐಪಿ ಅಡ್ರೆಸ್ ಸಿಗಬಹುದು. ನಿನ್ನೆ 5 ಇದ್ದದ್ದು ಇವತ್ತು 9. ಲ್ಯಾಪ್‌ಟಾಪ್‌ನಲ್ಲಿರೋ ಶಾರ್ಟ್‌ಕಟ್ ಮಾತ್ರ ಹಳೇ ಅಡ್ರೆಸ್‌ನಲ್ಲೇ ಹುಡುಕ್ತಿರುತ್ತೆ. ಫೈಲ್ ಎಕ್ಸ್‌ಪ್ಲೋರರ್‌ನ ಮೇಲಿನ ಪಟ್ಟಿಯಲ್ಲಿ \\192.168.1.9 ಅಂತ ಹೊಸ ಅಡ್ರೆಸ್ ಹೊಡೆದು ನೋಡಿ. ಫೋಲ್ಡರ್ ತೆರೆದ್ರೆ ಕಾರಣ ಸಿಕ್ಕಿತು.

ಇದು ಮತ್ತೆ ಮತ್ತೆ ಆಗದಂತೆ ರೂಟರ್‌ನಲ್ಲಿ 'ಅಡ್ರೆಸ್ ರಿಸರ್ವೇಶನ್' ಮಾಡಿಸಿ. ಆಗ ಅಂಗಡಿ ಕಂಪ್ಯೂಟರ್‌ಗೆ ಯಾವಾಗಲೂ ಒಂದೇ ನಂಬರ್ ಸಿಗುತ್ತೆ. ಪ್ಲೇಲಿಸ್ಟ್‌ನಲ್ಲಿ ಹಾಡಿನ ಹೆಸರು ಬಂದು ಪ್ಲೇ ಆಗದೆ ಇದ್ರೂ ಕಾರಣ ಹಳೇ ದಾರಿಯೇ ಇರಬಹುದು. ಹೊಸ ಫೋಲ್ಡರ್‌ನಿಂದ ಪ್ಲೇಲಿಸ್ಟ್ ಮತ್ತೆ ಮಾಡಬೇಕು.

6. ಐಟ್ಯೂನ್ಸ್ ಬಳಸೋರಿಗೆ

ಐಟ್ಯೂನ್ಸ್‌ನಲ್ಲಿ 'ಹೋಮ್ ಶೇರಿಂಗ್' ಅಂತ ಬೇರೆಯೇ ವ್ಯವಸ್ಥೆ ಇದೆ. ಎರಡೂ ಕಂಪ್ಯೂಟರ್‌ನಲ್ಲಿ ಒಂದೇ ಆಪಲ್ ಐಡಿ ಇರಬೇಕು, ಎರಡರಲ್ಲೂ ಹೋಮ್ ಶೇರಿಂಗ್ ಆನ್ ಇರಬೇಕು, ಹಾಡು ಇರೋ ಕಡೆ ಐಟ್ಯೂನ್ಸ್ ತೆರೆದೇ ಇರಬೇಕು. ಮನೆಯೊಳಗೆ 5 ಕಂಪ್ಯೂಟರ್‌ವರೆಗೆ ಹೀಗೆ ಹಂಚ್ಕೋಬಹುದು. ಫೈರ್‌ವಾಲ್ ಇದಕ್ಕೆ ಟಿಸಿಪಿ 3689 ಮತ್ತು ಯುಡಿಪಿ 5353 ಪೋರ್ಟ್ ಬಿಡಬೇಕು. ರಿಪೇರಿಯವರಿಗೆ ಈ ಎರಡು ನಂಬರ್ ಹೇಳಿದ್ರೆ ಸಾಕು.

7. ಹಾಡು ತಡೆತಡೆದು ಬಂದ್ರೆ

ಎಂಪಿ3 ಹಾಡಿಗೆ ಸೆಕೆಂಡಿಗೆ 128ರಿಂದ 320 ಕಿಲೋಬಿಟ್ ಸಾಕು. ಇಷ್ಟು ಕಡಿಮೆಯೂ ದಾಟ್ತಿಲ್ಲ ಅಂದ್ರೆ ಸಿಗ್ನಲ್ ತೀರಾ ದುರ್ಬಲ ಇರಬೇಕು. 5 ಗಿಗಾಹರ್ಟ್ಸ್ ವೇಗ ಹೆಚ್ಚು, ಆದ್ರೆ ಗೋಡೆ, ಆರ್‌ಸಿಸಿ ದಾಟೋ ಶಕ್ತಿ ಕಮ್ಮಿ. ಮಹಡಿ ಮೇಲೆ 2.4 ಹಾಕಿ ನೋಡಿ.

ಇವೆರಡು ಮಾತ್ರ ಮಾಡಬೇಡಿ

ಹಳೇ ಕಂಪ್ಯೂಟರ್ ಸೇರಿಸೋಕೆ 'ಎಸ್‌ಎಂಬಿ 1' ಆನ್ ಮಾಡಿ ಅನ್ನೋ ಸಲಹೆ ಸಿಗಬಹುದು. 2017ರ ಮೇ ತಿಂಗಳಲ್ಲಿ ಜಗತ್ತಿನಾದ್ಯಂತ ಕಂಪ್ಯೂಟರ್‌ಗಳನ್ನ ಲಾಕ್ ಮಾಡಿದ ವನ್ನಾಕ್ರೈ ವೈರಸ್ ಹರಡಿದ್ದು ಇದರ ದೋಷದಿಂದಲೇ. ಎಕ್ಸ್‌ಪಿ ಕಂಪ್ಯೂಟರ್‌ನಲ್ಲಿ ಹಾಡು ಇದ್ರೆ ಪೆನ್‌ಡ್ರೈವ್‌ಗೆ ಹಾಕಿ ಹೊಸದಕ್ಕೆ ತನ್ನಿ, ಅದನ್ನ ನೆಟ್‌ವರ್ಕ್‌ಗೆ ಸೇರಿಸಬೇಡಿ.

ಎರಡನೇದು, ಇಡೀ ಡ್ರೈವ್‌ನ 'ಎವ್ರಿಒನ್'ಗೆ 'ಫುಲ್ ಕಂಟ್ರೋಲ್' ಕೊಟ್ಟು ಪಾಸ್‌ವರ್ಡ್ ರಕ್ಷಣೆ ತೆಗೆಯೋದು. ಅಂಗಡಿ ವೈಫೈ ಪಾಸ್‌ವರ್ಡ್ ಗಿರಾಕಿಗಳಿಗೂ ಕೊಡೋ ರೂಢಿ ಇದ್ರೆ, ಅದೇ ಡ್ರೈವ್‌ನಲ್ಲಿರೋ ಬಿಲ್ಲು, ಉದ್ರಿ ಲೆಕ್ಕ, ಜಿಎಸ್‌ಟಿ ಫೈಲ್ ಎಲ್ಲ ಅವರ ಮೊಬೈಲ್‌ಗೂ ಸಿಗುತ್ತೆ, ಅಳಿಸೋಕೂ ಆಗುತ್ತೆ. ಬೀಗದ ಕೈ ಸಿಗ್ಲಿಲ್ಲ ಅಂತ ಬಾಗಿಲನ್ನೇ ಕಿತ್ತಂಗೆ ಇದು. ಗಿರಾಕಿಗಳಿಗೆ ಗೆಸ್ಟ್ ವೈಫೈ ಕೊಡಿ, ಅಂಗಡಿ ಮತ್ತು ಮನೆ ಕಂಪ್ಯೂಟರ್ ಮೇನ್ ವೈಫೈನಲ್ಲಿರಲಿ.

ಇಷ್ಟೆಲ್ಲ ನೋಡಿದ ಮೇಲೂ ಆಗ್ಲಿಲ್ಲ ಅಂದ್ರೆ ರಿಪೇರಿಗೆ ಕೊಡಿ. ಕೊಡೋ ಮುಂಚೆ ಹಾಡು ಮತ್ತು ಅಂಗಡಿ ಲೆಕ್ಕ ಎರಡನ್ನೂ ಒಂದು ಹಾರ್ಡ್ ಡಿಸ್ಕ್‌ಗೆ ಕಾಪಿ ಮಾಡಿ, ಅದು ತೆರೆಯುತ್ತಾ ಅಂತ ಇನ್ನೊಂದು ಕಂಪ್ಯೂಟರ್‌ನಲ್ಲಿ ಹಾಕಿ ನೋಡಿ. ವಿಂಡೋಸ್ ಮತ್ತೆ ಹಾಕಿಸಬಹುದು. ಮನೆ ಹಿರಿಯರ ದನಿ ಇರೋ ಹಳೇ ಕ್ಯಾಸೆಟ್‌ನ ರೆಕಾರ್ಡಿಂಗ್ ಅಳಿಸಿದ್ರೆ ಮತ್ತೆ ಸಿಗಲ್ಲ.