ಸಾಕು ಎಂಬ ಹೆಸರು

ಕೆಂಗೇರಿಯ ಶಾಲೆಗೆ ನಾನು ಹೊಸದಾಗಿ ಸೇರಿದ್ದ ವರ್ಷ. ಹಾಜರಿ ಕೂಗುವಾಗ ‘ಸಾಕಮ್ಮ’ ಎಂದರೆ ಸಾಕು, ಒಂಬತ್ತನೇ ತರಗತಿ ಇಡೀ ಕಿಸಕ್ಕೆನ್ನುತ್ತಿತ್ತು. ಒಂದು ದಿನ ಆ ಹುಡುಗಿ ಸ್ಟಾಫ್ ರೂಮಿನ ಬಾಗಿಲಲ್ಲಿ ನಿಂತು, “ಮಿಸ್, ಎಸ್ಸೆಸ್ಸೆಲ್ಸಿಗೆ ಹೆಸರು ಕಳಿಸೋಕೆ ಮುಂಚೆ ನಂದು ಸಹನಾ ಅಂತ ಬದಲಾಯಿಸಿಕೊಡ್ತೀರಾ? ನಾನು ನಾಲ್ಕನೇ ಹೆಣ್ಣು. ಸಾಕು ಅಂತಲೇ ಇಟ್ಟಿದ್ದು” ಎಂದಳು. ಆಮೇಲೆ ಗಂಡು ಹುಟ್ಟಿತೇ ಎಂದು ಕೇಳಿಬಿಟ್ಟೆ. ಕೇಳಬಾರದಿತ್ತು. “ಇಲ್ಲ ಮಿಸ್, ಇನ್ನೊಬ್ಬಳು ತಂಗಿ.”

ಇದು ನಮ್ಮ ಕಡೆಯ ಕಥೆ ಮಾತ್ರ ಎಂದುಕೊಂಡಿದ್ದೆ. ಎಷ್ಟೋ ವರ್ಷಗಳ ಮೇಲೆ ಓದಿದಾಗ ತಿಳಿಯಿತು, ದೂರದ ಸರ್ಬಿಯಾ, ಮಾಂಟೆನೆಗ್ರೊ ನಾಡುಗಳಲ್ಲಿ ‘ಸ್ತಾನಾ’ ಎಂಬ ಹಳೆಯ ಹೆಣ್ಣು ಹೆಸರಿದೆ. ಅಲ್ಲಿನ ಮಾತಿನಲ್ಲಿ ‘ಸ್ತಾತಿ’ ಎಂದರೆ ನಿಲ್ಲುವುದು. ಸಾಲಾಗಿ ಹೆಣ್ಣೇ ಹುಟ್ಟಿದ ಮನೆಯಲ್ಲಿ, ಇಲ್ಲಿಗೆ ನಿಲ್ಲಲಿ ಎಂದು ಕೂಸಿಗೆ ಆ ಹೆಸರಿಡುತ್ತಿದ್ದರು. ಹುಟ್ಟಿದ ಮಕ್ಕಳು ಉಳಿಯದ ಮನೆಯಲ್ಲಿ, ಇದಾದರೂ ಬದುಕಿ ನಿಲ್ಲಲಿ ಎಂದು ಇಟ್ಟವರೂ ಉಂಟು. ಗಂಡುಮಕ್ಕಳ ‘ಸ್ತೋಯಾನ್’ ಎಂಬ ಹೆಸರಿಗೆ ಅದೇ ಹಾರೈಕೆ. ನಮ್ಮ ಸ್ಥಾನ, ಸ್ಥಿರ ಎಂಬ ಮಾತುಗಳ ‘ಸ್ಥಾ’ ಧಾತುವಿಗೂ ಅದಕ್ಕೂ ಬೇರು ಒಂದೇ. ಬೇಡವೆನ್ನುವುದಕ್ಕೂ ಬೇಕೆನ್ನುವುದಕ್ಕೂ ಒಂದೇ ಶಬ್ದ, ನೋಡಿ!

ಆಗ ನನಗೆ ಇದೆಲ್ಲ ಗೊತ್ತಿರಲಿಲ್ಲ. ಗೊತ್ತಿದ್ದದ್ದು ಕಾಫಿಪುಡಿ ಸಾಕಮ್ಮನವರು. ಹುಡುಗಿಯನ್ನು ಕೂರಿಸಿಕೊಂಡು ಹೇಳಿದೆ. ತುಮಕೂರು ಸೀಮೆಯಲ್ಲಿ ಹುಟ್ಟಿದ ಅವರು ಕೊಡಗಿನ ಕಾಫಿ ತೋಟದ ಸಾಹುಕಾರರೊಬ್ಬರಿಗೆ ಮೂರನೇ ಹೆಂಡತಿಯಾಗಿ ಹೋದರು. ಚಿಕ್ಕ ವಯಸ್ಸಿಗೇ ಗಂಡನನ್ನು ಕಳೆದುಕೊಂಡು, ತೋಟ ತಾವೇ ನೋಡಿಕೊಂಡರು. ಬೆಂಗಳೂರಿಗೆ ಬಂದು ಬಸವನಗುಡಿಯಲ್ಲಿ ಕಾಫಿಪುಡಿ ಕಾರ್ಖಾನೆ ನಡೆಸಿದರು. 1928ರಲ್ಲಿ ಮೈಸೂರು ಪ್ರಜಾಪ್ರತಿನಿಧಿ ಸಭೆಯಲ್ಲಿ ಕುಳಿತರು. ಮಹಾರಾಜರಿಂದ ‘ಲೋಕಸೇವಾ ಪರಾಯಣೆ’ ಎಂಬ ಬಿರುದು ಪಡೆದರು. 1950ರಲ್ಲಿ ತೀರಿಕೊಳ್ಳುವ ಹೊತ್ತಿಗೆ ಊರಿಗೆಲ್ಲ ಅವರ ಹೆಸರು ಕಾಫಿಯ ಘಮದ ಜೊತೆಗೇ ನೆನಪಾಗುತ್ತಿತ್ತು. “ಸಾಕು ಅಂದರೆ ಸಲಹು ಅಂತಲೂ ಅರ್ಥ ಕಣಮ್ಮ” ಎಂದೂ ಸೇರಿಸಿದೆ. ಪಾಠ ಚೆನ್ನಾಗಿ ಆಯಿತೆಂದು ಒಳಗೊಳಗೇ ಹೆಮ್ಮೆ.

ಅವಳು ತಾಳ್ಮೆಯಿಂದ ಕೇಳಿದಳು. “ಅವರದು ಹಾಗಿರಬಹುದು ಮಿಸ್. ನಮ್ಮಪ್ಪ ಸಲಹು ಅಂತ ಇಡಲಿಲ್ಲ” ಎಂದಳು.

ಅದಕ್ಕೆ ನನ್ನಲ್ಲಿ ಉತ್ತರವಿರಲಿಲ್ಲ. ಅರ್ಜಿ ನಾನೇ ಬರೆದೆ. ಅಫಿಡವಿಟ್ಟು, ಅಪ್ಪನ ರುಜು ಎಂದು ಮೂರು ತಿಂಗಳು ಓಡಾಡಿದ್ದಾಯಿತು. ರುಜು ಹಾಕುವಾಗ ಆ ಮನುಷ್ಯ ತಲೆ ಎತ್ತಲಿಲ್ಲ. ಮರುದಿನ ಹಾಜರಿ ಪುಸ್ತಕದಲ್ಲಿ ಹಳೆಯ ಹೆಸರಿಗೆ ಗೆರೆ ಎಳೆದು, “ಸಹನಾ” ಎಂದು ಕೂಗಿದೆ. ಯಾರೂ ನಗಲಿಲ್ಲ. “ಪ್ರೆಸೆಂಟ್ ಮಿಸ್” ಎನ್ನುವುದಕ್ಕೆ ಅವಳಿಗೆ ಒಂದು ಗಳಿಗೆ ತಡವಾಯಿತು.