ಜಿಂಕೆಯ ಕೊಂಬು, ಬಿಲ್ಲುಗಾರನ ಪಂಚಾಂಗ

ಅಮೆರಿಕದ ಕೆಂಟಕಿ ರಾಜ್ಯದಲ್ಲಿ ಬಿಲ್ಲುಬಾಣದ ಜಿಂಕೆ ಬೇಟೆ ಸೆಪ್ಟೆಂಬರ್ ತಿಂಗಳ ಮೊದಲ ಶನಿವಾರ ಶುರುವಾಗುತ್ತದೆ. ಆಧುನಿಕ ಬಂದೂಕಿನವರ ಮುಖ್ಯ ಸರದಿ ಬರುವುದು ನವೆಂಬರ್‌ನಲ್ಲಿ. ಆರಂಭದ ಆ ಕೆಲವೇ ದಿನಗಳ ಮೇಲೆ ಬಿಲ್ಲುಗಾರರಿಗೆ ವಿಶೇಷ ಆಸೆ. ಗಂಡು ಜಿಂಕೆ ಕೊಂಬಿನ 'ಮಖಮಲ್ಲು' ಕಳಚುವುದು ಹೆಚ್ಚುಕಡಿಮೆ ಅದೇ ಹೊತ್ತಿಗೆ.

ದನದ ಕೊಂಬು ಬಾಳಿನುದ್ದಕ್ಕೂ ಇರುತ್ತದೆ. ಜಿಂಕೆಯದು ಉದುರಿ ಮತ್ತೆ ಹುಟ್ಟುವ ಮೂಳೆ. ಅಲ್ಲಿನ ಬಿಳಿಬಾಲದ ಜಿಂಕೆಗೆ ಮಾರ್ಚ್-ಏಪ್ರಿಲ್‌ನಲ್ಲಿ ಕೊಂಬು ಮೊಳೆಯುತ್ತದೆ. ರಕ್ತನಾಳಗಳು ತುಂಬಿದ ನವಿರಾದ ತೊಗಲು ಅದನ್ನು ಹೊದ್ದು ಪೋಷಿಸುತ್ತದೆ. ಆಗಸ್ಟ್ ವೇಳೆಗೆ ಮೂಳೆ ಗಟ್ಟಿಯಾಗಿ ಈ ತೊಗಲು ಒಣಗುತ್ತದೆ. ಸೆಪ್ಟೆಂಬರ್ ಮಧ್ಯದೊಳಗೆ ಜಿಂಕೆ ಅದನ್ನು ಗಿಡಗಳಿಗೆ ತಿಕ್ಕಿ ಕಳಚಿಕೊಳ್ಳುತ್ತದೆ, ಹಲವೊಮ್ಮೆ ಒಂದೇ ದಿನದಲ್ಲಿ. ರಕ್ತಸಿಕ್ತ ಚಿಂದಿ ಜೋತಾಡುವ ಕೊಂಬು ಕಂಡವರು ಜಿಂಕೆಗೆ ಗಾಯವಾಗಿದೆಯೆಂದು ಬಗೆದರೆ ಆಶ್ಚರ್ಯವಿಲ್ಲ.

ಇದರ ಹಿಂದಿರುವುದು ಟೆಸ್ಟೋಸ್ಟೆರಾನ್ ಎಂಬ ಹಾರ್ಮೋನಿನ ಏರಿಕೆ. ಬೇಸಿಗೆಯಿಡೀ ಒಟ್ಟಿಗೆ ಮೇಯುತ್ತ, ಸಂಜೆ ಅದೇ ಹೊಲಕ್ಕೆ ಬರುತ್ತಿದ್ದ ಗಂಡುಗಳು ಈಗ ಪರಸ್ಪರ ಸಹಿಸವು, ಗುಂಪು ಒಡೆಯುತ್ತದೆ. ಬಂದೂಕಿಗೆ ನೂರು ಗಜ ದೂರವಲ್ಲ. ಬಿಲ್ಲುಗಾರನಿಗಾದರೋ ಜಿಂಕೆ ಇಪ್ಪತ್ತು-ಮೂವತ್ತು ಗಜದೊಳಗೆ ಬರಬೇಕು, ಅದು ಬರುವ ದಾರಿ ಮೊದಲೇ ತಿಳಿದಿರಬೇಕು. ಗುಂಪು ಚದುರಿತೆಂದರೆ ಅವನ ಬೇಸಿಗೆಯ ಲೆಕ್ಕವೆಲ್ಲ ತಲೆಕೆಳಗು.

ಈ ಲೆಕ್ಕ ಹಳೆಯದು. ಮಧ್ಯಯುಗದ ಇಂಗ್ಲೆಂಡಿನ ಬೇಟೆಗಾರರು ಕೆಂಜಿಂಕೆ ಕೊಂಬು ತಿಕ್ಕಿದ ಮರಗಳನ್ನು ಹುಡುಕಿ, ಗುರುತಿನ ಎತ್ತರ ನೋಡಿ ಪ್ರಾಣಿಯ ಗಾತ್ರ ಊಹಿಸುತ್ತಿದ್ದರು. ಅಮೆರಿಕದ ಮೂಲನಿವಾಸಿಗಳಿಗೂ ಬಿಲ್ಲೇ ಆಧಾರವಾಗಿತ್ತು. ಬಂದೂಕು ಬಂದಮೇಲೆ ಅದು ಮೂಲೆ ಸೇರಿತು. ಮಾರುಕಟ್ಟೆಗಾಗಿ ನಡೆದ ಬೇಟೆಯಿಂದ 1900ರ ಸುಮಾರಿಗೆ ಬಿಳಿಬಾಲದ ಜಿಂಕೆಗಳು ಉಳಿದದ್ದು ಕೆಲವೇ ಲಕ್ಷ. ಬೇಟೆಗೆ ಕಾನೂನಿನ ಕಡಿವಾಣ ಬಿದ್ದದ್ದು ಆಮೇಲೆ.

ಬಿಲ್ಲಿಗೆ ಮರುಜೀವ ಬಂದ ಬಗೆ ವಿಚಿತ್ರ. ತನ್ನ ಯಾಹಿ ಜನಾಂಗದಲ್ಲಿ ಕೊನೆಗೆ ಉಳಿದಿದ್ದ ಇಷಿ 1911ರಲ್ಲಿ ಕ್ಯಾಲಿಫೋರ್ನಿಯಾದ ಕಾಡಿನಿಂದ ಹೊರಬಂದ. ವೈದ್ಯ ಸ್ಯಾಕ್ಸ್‌ಟನ್ ಪೋಪ್ ಅವನ ಸ್ನೇಹ ಬೆಳೆಸಿ ಬಿಲ್ಲುವಿದ್ಯೆ ಕಲಿತರು. ಇಷಿ 1916ರಲ್ಲಿ ಕ್ಷಯದಿಂದ ತೀರಿಕೊಂಡ. ಪೋಪ್ 1923ರಲ್ಲಿ ಪ್ರಕಟಿಸಿದ ಪುಸ್ತಕ ನೂರಾರು ಜನರ ಕೈಗೆ ಬಿಲ್ಲು ಕೊಟ್ಟಿತು. ಯಾಹಿಗಳನ್ನು ನಿರ್ನಾಮ ಮಾಡಿದ ಸಮಾಜ ಅವರ ವಿದ್ಯೆಯನ್ನು ಮಾತ್ರ ಹವ್ಯಾಸವಾಗಿ ಉಳಿಸಿಕೊಂಡಿತು! 1934ರಲ್ಲಿ ವಿಸ್ಕಾನ್ಸಿನ್ ರಾಜ್ಯ ಬಿಲ್ಲಿಗೆಂದೇ ಪ್ರತ್ಯೇಕ ಬೇಟೆಯ ಋತು ಗೊತ್ತುಪಡಿಸಿತು.

ಕೊಂಬಿನ ಗಡಿಯಾರವನ್ನು ನಡೆಸುವುದು ಮಳೆಯೂ ಅಲ್ಲ, ಚಳಿಯೂ ಅಲ್ಲ, ಹಗಲಿನ ಉದ್ದ. ಅಮೆರಿಕದ ವಿಜ್ಞಾನಿ ರಿಚರ್ಡ್ ಗಾಸ್ 1960ರ ದಶಕದಲ್ಲಿ ಸೀಕಾ ಜಿಂಕೆಗಳನ್ನು ಕೃತಕ ಬೆಳಕಿನಲ್ಲಿಟ್ಟು, ವರ್ಷದ ಹಗಲಿನ ಏರಿಳಿತವನ್ನು ಕೆಲವೇ ತಿಂಗಳಿಗೆ ಇಳಿಸಿದರು. ಒಂದೇ ವರ್ಷದಲ್ಲಿ ಕೊಂಬು ಹಲವು ಸಲ ಉದುರಿ ಬೆಳೆಯಿತು.

ಹಗಲಿನ ಉದ್ದ ಅಷ್ಟಾಗಿ ಬದಲಾಗದ ನಮ್ಮ ಬಂಡೀಪುರದಲ್ಲಿ ಇಂಥ ಪಂಚಾಂಗ ಬರೆಯಲಾಗದು. ಇಲ್ಲಿ ಚುಕ್ಕೆ ಜಿಂಕೆಗಳ ಒಂದೇ ಹಿಂಡಿನಲ್ಲಿ ಒಂದು ಮಖಮಲ್ಲು ಹೊದ್ದಿದ್ದರೆ, ಇನ್ನೊಂದರ ಕೊಂಬು ಗಟ್ಟಿಯಾಗಿರುತ್ತದೆ. ಮತ್ತೊಂದು ಆಗತಾನೇ ಕೊಂಬು ಉದುರಿಸಿಕೊಂಡು ಬೋಳುತಲೆಯಲ್ಲಿ ಮೇಯುತ್ತಿರುತ್ತದೆ.