ಹೊಲಿಗೆಯ ನಂತರದ ಹನ್ನೆರಡು ವಾರ

ಮದ್ರಾಸಿನ ಉತ್ತರ ತುದಿಯ ಕಾಸಿಮೇಡಿನಲ್ಲಿ ದಿನ ಶುರುವಾಗುವುದು ನಡುರಾತ್ರಿ ಕಳೆದ ಮೇಲೆ. ದೋಣಿಗಳು ಬಂದರಿಗೆ ಸೇರುತ್ತವೆ, ಬುಟ್ಟಿಗಳು ಇಳಿಯುತ್ತವೆ, ಬೆಳಕು ಹರಿಯುವ ಮುಂಚೆಯೇ ಹರಾಜಿನ ಕೂಗು ಏಳುತ್ತದೆ. ಮಲ್ಪೆಯನ್ನೋ ಮಂಗಳೂರಿನ ದಕ್ಕೆಯನ್ನೋ ನೋಡಿದವರಿಗೆ ಇದು ಹೊಸ ನೋಟವಲ್ಲ. ಇಲ್ಲಿ ಎಲ್ಲ ಕೆಲಸವೂ ಕೈಯದೇ: ಬಲೆ ಎಳೆಯುವುದು, ಹಗ್ಗ ಬಿಗಿಯುವುದು, ಮಂಜುಗಡ್ಡೆ ಒಡೆಯುವುದು, ಮೀನು ಕೊಯ್ಯುವುದು. ಬಲೆ ಸುತ್ತುವ ಯಂತ್ರಕ್ಕೆ ಬೆರಳು ಸಿಕ್ಕಿದರೆ, ಕತ್ತಿ ಜಾರಿ ಅಂಗೈ ಸೀಳಿದರೆ, ಆ ಮನೆಯ ವರಮಾನ ಅಂದೇ ನಿಲ್ಲುತ್ತದೆ.

ಅಂಥ ಕೈಗೆ ಹತ್ತಿರದ ದೊಡ್ಡ ಸರ್ಕಾರಿ ಆಸ್ಪತ್ರೆ ಸ್ಟ್ಯಾನ್ಲಿ. ಈ ಜಾಗದ ಕಥೆಗೆ ಮೈಸೂರಿನ ನಂಟೂ ಇದೆ. 1780ರಲ್ಲಿ ಹೈದರಾಲಿಯ ಸೈನ್ಯ ಕರ್ನಾಟಿಕ್ ಸೀಮೆಗೆ ನುಗ್ಗಿದ ಮೇಲೆ ಹಳ್ಳಿಗಳು ಬರಿದಾಗಿ, ಕ್ಷಾಮಕ್ಕೆ ಸಿಕ್ಕಿದ ಜನ ಮದ್ರಾಸಿನತ್ತ ಬಂದರು. ಅವರಿಗೆ ಗಂಜಿ ಹಾಕಲು 1782ರಲ್ಲಿ ಶುರುವಾದ ಛತ್ರ ಮೊನೇಗಾರ್ ಚೌಲ್ಟ್ರಿ. ಗಂಜಿಗೆ ಬಂದವರಲ್ಲಿ ರೋಗಿಗಳೂ ಇದ್ದುದರಿಂದ ಮುಂದೆ ಅದರ ಜೊತೆಗೆ ಆಸ್ಪತ್ರೆ ಬೆಳೆಯಿತು. ಮದ್ರಾಸಿನ ಗವರ್ನರ್ ಜಾರ್ಜ್ ಸ್ಟ್ಯಾನ್ಲಿಯ ಹೆಸರು ಅದಕ್ಕೆ ಅಂಟಿದ್ದು 1930ರ ದಶಕದಲ್ಲಿ. 1938ರಲ್ಲಿ ಅದು ಪೂರ್ಣ ಪ್ರಮಾಣದ ವೈದ್ಯಕೀಯ ಕಾಲೇಜಾಯಿತು. ಹಳಬರ ಬಾಯಲ್ಲಿ ಮಾತ್ರ ಅದು ಬಹುಕಾಲ 'ಕಂಜಿತೊಟ್ಟಿ ಆಸ್ಪತ್ರೆ'ಯಾಗಿಯೇ ಉಳಿಯಿತು.

ಇಲ್ಲಿಯೇ 1971ರಲ್ಲಿ ಡಾ. ಆರ್. ವೆಂಕಟಸ್ವಾಮಿ ಕೈಯ ಗಾಯಗಳಿಗೆಂದೇ ಒಂದು ವಿಭಾಗ ಕಟ್ಟಿದರು. ಸುತ್ತ ಬಂದರು, ರೈಲ್ವೆ, ಗಿರಣಿ, ಕಾರ್ಖಾನೆಗಳಿದ್ದ ಉತ್ತರ ಮದ್ರಾಸಿಗೆ ಅದು ಬೇಕಾಗಿಯೇ ಇತ್ತು. ಓರೆಯಾಗಿ ತುಂಡಾದ ಬೆರಳ ತುದಿಯನ್ನು ಅದೇ ಬೆರಳಿನ ಪಕ್ಕದ ಚರ್ಮ ಜರುಗಿಸಿ ಮುಚ್ಚುವ ವಿಧಾನವನ್ನು ವೆಂಕಟಸ್ವಾಮಿ ಮತ್ತು ಸುಬ್ರಮಣಿಯನ್ 1980ರಲ್ಲಿ ಪ್ರಕಟಿಸಿದರು. ಕೈ ಶಸ್ತ್ರಚಿಕಿತ್ಸೆಯ ಪುಸ್ತಕಗಳಲ್ಲಿ ಅದು ಇಂದಿಗೂ ವೆಂಕಟಸ್ವಾಮಿ ಹೆಸರಿನಲ್ಲೇ ಇದೆ. ಆ ವಿಭಾಗ ಬೆಳೆದು ಸಂಸ್ಥೆಯಾದಾಗ ಅದರ ಹೆಸರಿನಲ್ಲಿ 'ಸಂಶೋಧನೆ'ಯ ಜೊತೆಗೆ 'ಪುನರ್ವಸತಿ' ಎಂಬ ಮಾತೂ ಸೇರಿತು.

ಆ ಎರಡನೆಯ ಮಾತಿನ ಹಿಂದೆ ಇನ್ನೊಂದು ವೃತ್ತಿಯ ಕಥೆಯಿದೆ. ಬೆರಳನ್ನು ಮಡಿಸುವುದು ಮುಂಗೈಯ ಮಾಂಸಖಂಡ. ಅದರ ಎಳೆತವನ್ನು ಬೆರಳಿನ ಮೂಳೆಗೆ ಮುಟ್ಟಿಸುವುದು ಸ್ನಾಯುರಜ್ಜು ಎಂಬ ಗಟ್ಟಿ ಹುರಿ. ಬೆರಳ ಬುಡದಲ್ಲಿ ಎರಡು ಹುರಿಗಳು ಒಂದೇ ಕಿರಿದಾದ ಕೊಳವೆಯೊಳಗೆ ಜಾರುತ್ತವೆ. ಅಲ್ಲಿ ತುಂಡಾದ ಹುರಿಯನ್ನು ಹೊಲಿದರೆ ಅದು ಕೊಳವೆಗೆ ಅಂಟಿಕೊಂಡು ಬೆರಳು ಮರದ ತುಂಡಿನಂತೆ ನಿಲ್ಲುತ್ತಿತ್ತು. ಹಾಗಾಗಿ ಆ ಭಾಗಕ್ಕೆ ಶಸ್ತ್ರವೈದ್ಯರೇ 'ಯಾರೂ ಕಾಲಿಡಬಾರದ ನೆಲ' ಎಂಬ ಅರ್ಥದ ಹೆಸರಿಟ್ಟಿದ್ದರು. ಅಮೆರಿಕದ ಹೆರಾಲ್ಡ್ ಕ್ಲೈನರ್ಟ್ 1967ರಲ್ಲಿ ಈ ನಂಬಿಕೆಯನ್ನು ಅಲುಗಿಸಿದರು. ಹುರಿಯನ್ನು ಕೂಡಲೇ ಹೊಲಿಯಬಹುದು, ಆದರೆ ಬೆರಳನ್ನು ಸುಮ್ಮನೆ ಬಿಡಬಾರದು ಎಂಬುದು ಅವರ ವಾದ. ಉಗುರಿಗೆ ಕಟ್ಟಿದ ರಬ್ಬರ್ ಬ್ಯಾಂಡ್ ಬೆರಳನ್ನು ಮಡಿಸುತ್ತದೆ. ರೋಗಿ ಅದರ ವಿರುದ್ಧ ಬೆರಳನ್ನು ಮೆಲ್ಲಗೆ ಬಿಡಿಸುತ್ತಾನೆ. ಹೊಲಿಗೆಯ ಮೇಲೆ ಭಾರ ಬೀಳದೆ ಹುರಿ ಕೊಳವೆಯೊಳಗೆ ಜಾರುತ್ತಿರುತ್ತದೆ.

ಇದರಿಂದ ಕೆಲಸದ ಹಂಚಿಕೆಯೇ ಬದಲಾಯಿತು. ಶಸ್ತ್ರಚಿಕಿತ್ಸೆ ಕೆಲವು ಗಂಟೆಗಳದ್ದು. ಹೊಲಿದ ಹುರಿ ಮತ್ತೆ ಭಾರ ಎಳೆಯುವಷ್ಟು ಗಟ್ಟಿಯಾಗಲು ಸುಮಾರು ಹನ್ನೆರಡು ವಾರ ಬೇಕು. ಹೆಚ್ಚು ಆಡಿಸಿದರೆ ಹೊಲಿಗೆ ಕಿತ್ತುಬರುತ್ತದೆ, ಕಡಿಮೆ ಆಡಿಸಿದರೆ ಬೆರಳು ಅಂಟಿಕೊಳ್ಳುತ್ತದೆ. ಈ ಎರಡರ ನಡುವಿನ ಹಾದಿಯನ್ನು ವಾರವಾರ ಅಳೆದು ನಡೆಸುವವರು ಫಿಸಿಯೋಥೆರಪಿಸ್ಟ್ ಮತ್ತು ಆಕ್ಯುಪೇಷನಲ್ ಥೆರಪಿಸ್ಟ್.

ಈ ತಿಳಿವಳಿಕೆ ಕ್ಲೈನರ್ಟ್‌ಗೂ ಮುಂಚೆ ಕಾಸಿಮೇಡಿಗೆ ದೂರವಲ್ಲದ ಊರುಗಳಲ್ಲಿ ಬೇರೊಂದು ದಾರಿಯಿಂದ ಬಂದಿತ್ತು. 1946ರಲ್ಲಿ ವೆಲ್ಲೂರಿನ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜಿಗೆ ಬಂದ ಪಾಲ್ ಬ್ರ್ಯಾಂಡ್, ಮರುವರ್ಷ ಚೆಂಗಲ್ಪಟ್ಟಿನ ಕುಷ್ಠರೋಗ ಆಶ್ರಮಕ್ಕೆ ಹೋದಾಗ ಮುರುಟಿದ ಕೈಗಳನ್ನು ಕಂಡರು. ಅಂಥ ಒಂದು ಕೈಯನ್ನು ಹಿಡಿದಾಗ ಅದರ ಹಿಡಿತದ ಬಲಕ್ಕೆ ಬೆರಗಾದರು. ಎಲ್ಲ ಮಾಂಸಖಂಡಗಳೂ ಸತ್ತಿಲ್ಲ ಎಂದಾದರೆ, ಜೀವಂತವಾದ ಒಂದರ ಹುರಿಯನ್ನು ಸತ್ತುದರ ಜಾಗಕ್ಕೆ ಜೋಡಿಸಬಹುದಲ್ಲ? ಜೋಡಿಸಬಹುದಿತ್ತು. ಆದರೆ ಯಾವ ಮಾಂಸಖಂಡ ಎಷ್ಟು ಗಟ್ಟಿ ಎಂದು ಮೊದಲೇ ಪರೀಕ್ಷಿಸಬೇಕು, ಹೊಸ ಜೋಡಣೆಗೆ ಹೊಸ ಚಲನೆಯನ್ನು ಆಮೇಲೆ ಕಲಿಸಬೇಕು. ಈ ಕೆಲಸಕ್ಕೆಂದೇ ವೆಲ್ಲೂರು ಮತ್ತು ಕರಿಗಿರಿಯಲ್ಲಿ ಫಿಸಿಯೋ ತಂತ್ರಜ್ಞರ ತರಬೇತಿ ನಡೆಯಿತು.

ವೆಲ್ಲೂರಿನ ಇನ್ನೊಂದು ದೊಡ್ಡ ಹೆಸರು ಮೇರಿ ವರ್ಗೀಸ್. 1954ರ ವಾಹನ ಅಪಘಾತದಲ್ಲಿ ಬೆನ್ನುಹುರಿಗೆ ಪೆಟ್ಟಾಗಿ ಕಾಲುಗಳ ಸ್ವಾಧೀನ ಹೋದ ಮೇಲೂ ಗಾಲಿಕುರ್ಚಿಯಲ್ಲಿ ಕುಳಿತು ಕುಷ್ಠರೋಗಿಗಳ ಕೈಗೆ ಶಸ್ತ್ರಚಿಕಿತ್ಸೆ ಮಾಡಿದವರು ಅವರು. ನ್ಯೂಯಾರ್ಕಿನಲ್ಲಿ ಪುನರ್ವಸತಿ ವೈದ್ಯವನ್ನು ಕಲಿತು ಬಂದು ವಿಭಾಗದ ಮುಖ್ಯಸ್ಥೆಯಾದರು. 1966ರಲ್ಲಿ ಅಲ್ಲಿ ಪುನರ್ವಸತಿ ಸಂಸ್ಥೆ ತೆರೆಯಿತು. 1972ರಲ್ಲಿ ಪದ್ಮಶ್ರೀ ಬಂತು. ವೆಂಕಟಸ್ವಾಮಿ, ಬ್ರ್ಯಾಂಡ್, ವರ್ಗೀಸ್ ಮೂವರೂ ಚಿಕಿತ್ಸಕರ ಬೆಲೆ ಬಲ್ಲವರು. ಮೂವರೂ ವೈದ್ಯರು. ಹನ್ನೆರಡು ವಾರದ ಕೆಲಸ ಮಾಡುವವರ ಪೈಕಿ ಯಾರ ಹೆಸರೂ ಈ ಇತಿಹಾಸದಲ್ಲಿ ಅಷ್ಟು ಸುಲಭವಾಗಿ ಸಿಗುವುದಿಲ್ಲ.

ಅದಕ್ಕೆ ಕಾರಣ ಆ ವೃತ್ತಿಯ ಹುಟ್ಟಿನಲ್ಲೇ ಇದೆ. 1894ರಲ್ಲಿ ಲಂಡನ್ನಿನಲ್ಲಿ ಮಸಾಜಿನ ಹೆಸರಲ್ಲಿ ವೇಶ್ಯಾವಾಟಿಕೆ ನಡೆಯುತ್ತಿದೆ ಎಂಬ ಗುಲ್ಲೆದ್ದಾಗ, ತಮ್ಮ ಕೆಲಸದ ಮಾನ ಉಳಿಸಿಕೊಳ್ಳಲು ನಾಲ್ವರು ದಾದಿಯರು ಸಂಘ ಕಟ್ಟಿದರು. ವೈದ್ಯರು ಹೇಳಿದ ರೋಗಿಗಳಿಗೆ ಮಾತ್ರ ಚಿಕಿತ್ಸೆ ಎಂದು ತಾವೇ ನಿಯಮ ಹಾಕಿಕೊಂಡರು. ಅಂದು ಅದು ರಕ್ಷಣೆಯ ಬೇಲಿ. ಆ ಸಂಘಕ್ಕೆ 1920ರಲ್ಲಿ ರಾಜಸನ್ನದು ಸಿಕ್ಕಿತು, 1944ರಲ್ಲಿ ಹೆಸರಿಗೆ 'ಫಿಸಿಯೋಥೆರಪಿ' ಸೇರಿತು. ಆದರೆ ಚಿಕಿತ್ಸೆ ಯಾವುದೆಂದು ತಾವೇ ನಿರ್ಧರಿಸುವ ಅಧಿಕಾರವನ್ನು ಬ್ರಿಟಿಷ್ ಸರ್ಕಾರ ಒಪ್ಪಿದ್ದು 1977ರಲ್ಲಿ. ಅದರ ಹಿಂದಿನ ವರ್ಷ ಆಸ್ಟ್ರೇಲಿಯಾದವರು ವೈದ್ಯರ ಚೀಟಿ ಬೇಕೇಬೇಕೆಂಬ ನಿಯಮವನ್ನು ತಮ್ಮ ಸಂಘದ ನೀತಿಯಿಂದ ತೆಗೆದುಹಾಕಿದ್ದರು.

ಅಮೆರಿಕದಲ್ಲಿ ಮೊದಲ ಮಹಾಯುದ್ಧ ಈ ವೃತ್ತಿಯನ್ನು ಬೆಳೆಸಿತು. ಗಾಯಗೊಂಡ ಸೈನಿಕರಿಗಾಗಿ 1918ರಲ್ಲಿ ನೂರಾರು ಹೆಂಗಸರಿಗೆ ತರಬೇತಿ ಕೊಟ್ಟ ಮೇರಿ ಮೆಕ್‌ಮಿಲನ್, 1921ರಲ್ಲಿ ಅವರ ಸಂಘದ ಮೊದಲ ಅಧ್ಯಕ್ಷೆಯಾದರು. ಈ ವೃತ್ತಿಯಲ್ಲಿ ಮುಂದಾಳುಗಳಾದವರು ಬಹುಪಾಲು ಮೇಷ್ಟರಾಗಿ ಬೆಳೆದವರು. ವಾರ್ಡಿನಲ್ಲಿ ಇಲ್ಲದ ಅಧಿಕಾರ ಅವರಿಗೆ ತರಗತಿಯಲ್ಲಿ ಸಿಕ್ಕಿತು.

ಭಾರತದಲ್ಲಿ ಆ ಕೆಲಸ ಮಾಡಿದ್ದು ಪೋಲಿಯೋ. 1950ರ ದಶಕದ ಆರಂಭದಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ನೆರವಿನಿಂದ ಬೊಂಬಾಯಿಯ ಕೆಇಎಂ ಆಸ್ಪತ್ರೆಯಲ್ಲಿ ಫಿಸಿಯೋಥೆರಪಿ ಶಾಲೆ ಬಂತು. 1955ರಲ್ಲಿ ಅಖಿಲ ಭಾರತ ಸಂಘವಾಯಿತು. 1967ರಲ್ಲಿ ಅದು ಜಾಗತಿಕ ಒಕ್ಕೂಟ ಸೇರಿತು. ಡಿಪ್ಲೊಮಾ ಹೋಗಿ ನಾಲ್ಕೂವರೆ ವರ್ಷದ ಪದವಿ, ಆಮೇಲೆ ಸ್ನಾತಕೋತ್ತರ, ಪಿಎಚ್.ಡಿ. ಬಂದವು. ಮಂಗಳೂರು, ಮಣಿಪಾಲ, ಬೆಂಗಳೂರು, ಚೆನ್ನೈಗಳಲ್ಲಿ ಕಾಲೇಜುಗಳು ಏಳುತ್ತಾ ಹೋದಂತೆ ಫಿಸಿಯೋಥೆರಪಿಸ್ಟ್‌ಗೆ ಮೇಲೇರಲು ಒಂದು ಏಣಿ ಸಿಕ್ಕಿತು: ಉಪನ್ಯಾಸಕ, ಪ್ರಾಧ್ಯಾಪಕ, ಪ್ರಾಂಶುಪಾಲ.

ಆದರೆ ಆ ಏಣಿ ಇರುವುದು ಕಾಲೇಜಿನಲ್ಲಿ. ಆಸ್ಪತ್ರೆಯ ಏಣಿಗೆ ಮೆಟ್ಟಿಲು ಕಡಿಮೆ. ಕೈ ಪಳಗಿದ ಚಿಕಿತ್ಸಕ ಮೇಲೇರಬೇಕೆಂದರೆ ಹಲವು ಸಲ ರೋಗಿಯ ಪಕ್ಕದಿಂದ ಎದ್ದು ತರಗತಿಗೆ ಹೋಗಬೇಕು, ಇಲ್ಲವೇ ವಿದೇಶಕ್ಕೆ. ಕಲಿಸುವುದು ಸಣ್ಣ ಕೆಲಸವಲ್ಲ. ಆದರೆ ಹೊರರೋಗಿ ವಿಭಾಗ ಎಷ್ಟು ಹೊತ್ತಿಗೆ ತೆರೆದಿರಬೇಕು, ಸ್ಪ್ಲಿಂಟ್ ಮಾಡುವ ಸಾಮಗ್ರಿ ಎಷ್ಟು ತರಿಸಬೇಕು, ನಾಲ್ಕನೇ ವಾರ ಬರದೇ ಹೋದ ರೋಗಿಗೆ ಯಾರು ಫೋನ್ ಮಾಡಬೇಕು ಎಂಬ ತೀರ್ಮಾನಗಳು ನಡೆಯುವುದು ಆಸ್ಪತ್ರೆಯಲ್ಲಿ. ಅಲ್ಲಿ ಚಿಕಿತ್ಸಕರಿಗೆ ಕುರ್ಚಿ ಇಲ್ಲದಿದ್ದರೆ ಹನ್ನೆರಡು ವಾರದ ಪರವಾಗಿ ಮಾತಾಡುವವರು ಇಲ್ಲದಂತೆಯೇ.

2021ರ ಕಾನೂನು ಈ ದಿಕ್ಕಿನಲ್ಲಿ ಒಂದು ತಿರುವು. ಸಹವರ್ತಿ ಮತ್ತು ಆರೋಗ್ಯ ಆರೈಕೆ ವೃತ್ತಿಗಳ ರಾಷ್ಟ್ರೀಯ ಆಯೋಗವನ್ನು ರಚಿಸಿದ ಆ ಕಾಯ್ದೆ, ಫಿಸಿಯೋಥೆರಪಿಯನ್ನು ಪ್ರತ್ಯೇಕ ವರ್ಗವಾಗಿ ಪಟ್ಟಿ ಮಾಡಿತು. ಕನಿಷ್ಠ 3,600 ಗಂಟೆಗಳ ಪದವಿ ಶಿಕ್ಷಣ ಪಡೆದವರನ್ನು ಆರೋಗ್ಯ ಆರೈಕೆ ವೃತ್ತಿಪರರೆಂದು ಕರೆದು, ಅವರ ಕೆಲಸಗಳಲ್ಲಿ ಸಲಹೆ, ಸಂಶೋಧನೆ, ಮೇಲ್ವಿಚಾರಣೆಯನ್ನೂ ಸೇರಿಸಿತು. ಜಗಳ ಮಾತ್ರ ಮುಗಿದಿಲ್ಲ. 2025ರ ಸೆಪ್ಟೆಂಬರ್‌ನಲ್ಲಿ ಕೇಂದ್ರದ ಆರೋಗ್ಯ ಸೇವೆಗಳ ಮಹಾನಿರ್ದೇಶನಾಲಯ ಫಿಸಿಯೋಥೆರಪಿಸ್ಟ್‌ಗಳು ಹೆಸರಿನ ಹಿಂದೆ 'ಡಾ.' ಹಾಕಿಕೊಳ್ಳಬಾರದೆಂದು ಪತ್ರ ಬರೆಯಿತು. ಮರುದಿನವೇ ಅದನ್ನು ಹಿಂದಕ್ಕೆ ಪಡೆಯಿತು. ರೋಗಿಗೆ ಗೊಂದಲವಾಗಬಾರದು ಎಂಬ ವೈದ್ಯರ ಮಾತಿನಲ್ಲೂ, ಓದಿಗೆ ತಕ್ಕ ಗೌರವ ಬೇಕು ಎಂಬ ಚಿಕಿತ್ಸಕರ ಮಾತಿನಲ್ಲೂ ಹುರುಳಿದೆ. ಆದರೆ ಎರಡಕ್ಷರದ ಆ ಗದ್ದಲದಲ್ಲಿ ಕೇಳಿಸದೇ ಹೋದದ್ದು, ಸರ್ಕಾರಿ ಆಸ್ಪತ್ರೆಗಳಲ್ಲಿ ಚಿಕಿತ್ಸಕರ ಹುದ್ದೆ ಎಷ್ಟಿರಬೇಕು, ಅವರ ಮೇಲೆ ಯಾರಿರಬೇಕು ಎಂಬ ಪ್ರಶ್ನೆ.

ಕಾಸಿಮೇಡಿಗೆ ಆ ಪ್ರಶ್ನೆ ದಿನದ ಲೆಕ್ಕವಾಗಿ ತಟ್ಟುತ್ತದೆ. ಪೂರ್ವ ಕರಾವಳಿಯಲ್ಲಿ ಪ್ರತಿವರ್ಷ ಏಪ್ರಿಲ್ 15ರಿಂದ ಜೂನ್ 14ರವರೆಗೆ 61 ದಿನ ಯಾಂತ್ರಿಕ ದೋಣಿಗಳು ಕಡಲಿಗೆ ಇಳಿಯುವಂತಿಲ್ಲ. ನಿಷೇಧದ ಮೊದಲ ದಿನವೇ ಕೈ ಹೊಲಿಸಿಕೊಂಡವನಿಗೂ ದೋಣಿ ಹೊರಡುವ ಹೊತ್ತಿಗೆ ಒಂಬತ್ತು ವಾರ ತುಂಬಿರುವುದಿಲ್ಲ. ಹುರಿ ಗಟ್ಟಿಯಾಗಲು ಇನ್ನೂ ಮೂರು ವಾರ ಬೇಕು. ಮನೆಯಲ್ಲಿ ಅಕ್ಕಿ ಮುಗಿದಿರುತ್ತದೆ. ಅವನನ್ನು ಇನ್ನು ಮೂರು ವಾರ ತಡೆದು ನಿಲ್ಲಿಸುವುದೋ, ಬಲೆ ಎಳೆಯುವ ಬದಲು ಮೀನು ಆರಿಸುವ ಹಗುರ ಕೆಲಸಕ್ಕೆ ಒಪ್ಪಿಸುವುದೋ, ಅದನ್ನು ಅವನ ಬೆರಳನ್ನು ವಾರವಾರ ಅಳೆದವರೇ ಹೇಳಬಲ್ಲರು. ಹೇಳಿದ್ದು ನಡೆಯಬೇಕಾದರೆ ಅವರ ಮಾತಿಗೆ ಆಸ್ಪತ್ರೆಯಲ್ಲಿ ತೂಕವಿರಬೇಕು.